ಅವ್ವನ ಪಾಟಲಿ ಮತ್ತು ಎರಡು ವರ್ಷದ ‘ಅನುಭವ’

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು, ವಯಸ್ಸು 23. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದಿ 2024ರಲ್ಲಿ ಬಿಸಿಎ ಮುಗಿಸಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲು. ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲರು. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದು ಹತ್ತು ತಿಂಗಳಾಯಿತು. ಸಂದರ್ಶನದಲ್ಲಿ ಇಂಗ್ಲಿಷ್ ಮಾತು ಗಂಟಲಲ್ಲೇ ನಿಲ್ಲುತ್ತದೆ. ಕಂಪನಿಯಲ್ಲಿ ಟ್ರೈನಿಂಗ್ ನಡೆದಿದೆ ಎಂದು ಮನೆಗೂ ಪಿಜಿಯ ಗೆಳೆಯರಿಗೂ ಹೇಳಿಬಿಟ್ಟಿದ್ದೇನೆ. ಹಾಗಾಗಿ ದಿನಾ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಟು, ಕಬ್ಬನ್ ಪಾರ್ಕಿನ ಗ್ರಂಥಾಲಯದಲ್ಲಿ ಸಂಜೆಯವರೆಗೆ ಕುಳಿತು ಬರುತ್ತೇನೆ. ಈಗ ಒಂದು ಕನ್ಸಲ್ಟೆನ್ಸಿಯವರು 1.5 ಲಕ್ಷ ರೂಪಾಯಿ ಕೊಟ್ಟರೆ ಎರಡು ವರ್ಷದ ಅನುಭವದ ಪತ್ರ, ಸಂಬಳದ ಚೀಟಿ ಎಲ್ಲವನ್ನೂ ಮಾಡಿಕೊಟ್ಟು ‘ಬ್ಯಾಕ್‌ಡೋರ್’ನಲ್ಲಿ ಕೆಲಸ ಕೊಡಿಸುತ್ತೇವೆ ಎನ್ನುತ್ತಿದ್ದಾರೆ. ಟ್ರೈನಿಂಗ್ ಫೀ ಕಟ್ಟಬೇಕು ಎಂದಾಗ ಅವ್ವ ತನ್ನ ಪಾಟಲಿ ಅಡವಿಡಲು ಒಪ್ಪಿದ್ದಾಳೆ. ಇನ್ನೊಂದು ಮಾತು: ಕೊನೆಯ ಸೆಮಿಸ್ಟರಿನಲ್ಲಿ ಅಪ್ಪ ಹೊತ್ತ ಚೀಲಗಳ ಮತ್ತು ಕೂಲಿಯ ಲೆಕ್ಕ ಇಡಲು ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ನಗುತ್ತಾರೆಂದು ಅದನ್ನು ರೆಸ್ಯೂಮೆಯಲ್ಲಿ ಹಾಕಿಲ್ಲ; ಗೆಳೆಯನ ‘ಲೈಬ್ರರಿ ಮ್ಯಾನೇಜ್‌ಮೆಂಟ್’ ಪ್ರಾಜೆಕ್ಟ್ ಹಾಕಿದ್ದೇನೆ. ಹಣ ಕಟ್ಟಲೇ, ಬಿಡಲೇ?

ಉತ್ತರ: ಕಟ್ಟಬೇಡಿ. ನೀವು ಕೇಳಿದ್ದಕ್ಕೆ ಉತ್ತರ ಇಷ್ಟೇ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಕನ್ಸಲ್ಟೆನ್ಸಿಯ ವಿಷಯವಲ್ಲ, ಕೊನೆಯಲ್ಲಿ ‘ಇನ್ನೊಂದು ಮಾತು’ ಎಂದು ಸೇರಿಸಿದ ಆ ಚೀಲದ ಲೆಕ್ಕ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅವರು ನಿಮಗೆ ಮಾರಲು ಹೊರಟಿರುವ ಸರಕನ್ನು ನೋಡೋಣ. ನೀವು ಗ್ರಂಥಾಲಯದ ಬೆಂಚಿನಲ್ಲಿ ಕಳೆದ ಹತ್ತು ತಿಂಗಳೂ ಸೇರಿದಂತೆ ಎರಡು ವರ್ಷಗಳ ಕಾಲ ಯಾವುದೋ ಕಂಪನಿಯಲ್ಲಿ ದುಡಿದಿದ್ದೀರಿ ಎಂದು ಆ ಕಾಗದ ಹೇಳುತ್ತದೆ. ಕೆಲಸಕ್ಕೆ ಸೇರುವ ದಿನ ಭವಿಷ್ಯ ನಿಧಿಯ ಫಾರ್ಮ್ 11 ತುಂಬಬೇಕಾಗುತ್ತದೆ. ಹಿಂದೆ ನಿಧಿಯ ಸದಸ್ಯರಾಗಿದ್ದಿರೇ ಎಂದು ಅದರಲ್ಲಿ ಕೇಳಿರುತ್ತಾರೆ. ನಿಧಿಯ ಪ್ರತಿ ಸದಸ್ಯರಿಗೂ ಕೊಡುವ ಯುಎಎನ್ ಸಂಖ್ಯೆಯ ಜೊತೆಗೆ ಯಾವ ಕಂಪನಿಗೆ ಯಾವಾಗ ಸೇರಿ ಯಾವಾಗ ಬಿಟ್ಟಿರಿ ಎಂಬ ಪಟ್ಟಿಯೂ ಇರುತ್ತದೆ, ಮತ್ತು ಹಿನ್ನೆಲೆ ಪರಿಶೀಲನೆ ಮಾಡುವವರು ಮೊದಲು ಹುಡುಕುವುದು ಅದನ್ನೇ. ಸುಳ್ಳು ದಾಖಲೆಯನ್ನು ಅಸಲಿ ಎಂದು ಬಳಸುವುದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರವೂ ಅಪರಾಧ. ಸಿಕ್ಕಿಬಿದ್ದಾಗ ಅದರಡಿ ನಮೂದಾಗುವುದು ಕನ್ಸಲ್ಟೆನ್ಸಿಯವರ ಹೆಸರಷ್ಟೇ ಅಲ್ಲ, ಅರ್ಜಿಗೆ ಸಹಿ ಹಾಕಿದ ನಿಮ್ಮ ಹೆಸರೂ. ಒಂದು ವೇಳೆ ಯಾರ ಕಣ್ಣಿಗೂ ಬೀಳದೆ ಒಳಗೆ ಹೋದಿರಿ ಎಂದೇ ಇಟ್ಟುಕೊಳ್ಳಿ, ಅಲ್ಲಿ ಮೊದಲ ಸೋಮವಾರವೇ ನಿಮ್ಮ ಮೇಜಿಗೆ ಬರುವುದು ಎರಡು ವರ್ಷ ಪಳಗಿದವನು ಮಾಡುವ ಕೆಲಸ. ಹೊಸಬನಾದರೆ ‘ಗೊತ್ತಿಲ್ಲ, ಹೇಳಿಕೊಡಿ’ ಎಂದು ಕೇಳಬಹುದಿತ್ತು, 1.5 ಲಕ್ಷ ಕೊಟ್ಟು ಕಳೆದುಕೊಳ್ಳುವುದು ಆ ಸೌಲಭ್ಯವನ್ನೇ.

ಇಷ್ಟಾದರೂ ಈ ಬಲೆಗೆ ಬೀಳುವವರನ್ನು ದಡ್ಡರೆಂದು ನಾನು ಕರೆಯಲಾರೆ. ಬಿಸಿಎ ಓದಿದವರ ಅವಸರಕ್ಕೆ ನಿಜವಾದ ಕಾರಣವಿದೆ. ವಿಪ್ರೊ, ಟಿಸಿಎಸ್‌ನಂಥ ದೊಡ್ಡ ಕಂಪನಿಗಳು ಬಿಸಿಎ, ಬಿಎಸ್ಸಿ ಪದವೀಧರರಿಗೆಂದೇ ಪ್ರತ್ಯೇಕ ನೇಮಕಾತಿ ನಡೆಸಿದರೂ, ಇಂತಿಂಥ ವರ್ಷ ತೇರ್ಗಡೆಯಾದವರು ಮಾತ್ರ ಎಂಬ ಷರತ್ತು ಅಲ್ಲಿರುತ್ತದೆ. ಬ್ಯಾಚ್ ಹಳೆಯದಾದಷ್ಟೂ ಬಾಗಿಲು ಕಿರಿದಾಗುತ್ತದೆ ಎಂಬ ಭಯ ನಿಮ್ಮ ಕಲ್ಪನೆಯಲ್ಲ. ಕನ್ಸಲ್ಟೆನ್ಸಿಯವರು ಬೆಲೆ ಕಟ್ಟಿರುವುದು ಆ ಭಯಕ್ಕೆ.

ಆದ್ದರಿಂದ ಬ್ಯಾಚಿನ ಹಂಗು ಕಡಿಮೆ ಇರುವ ದಾರಿಗಳನ್ನೂ ಹಿಡಿಯಿರಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರಿಗೆ ಸಾಮಾನ್ಯವಾಗಿ ಒಂದು ವರ್ಷದ ತರಬೇತಿ ಇರುತ್ತದೆ, ತಿಂಗಳಿಗೆ ಸ್ಟೈಪೆಂಡ್ ಸಿಗುತ್ತದೆ, ಮುಗಿದ ಮೇಲೆ ಪ್ರಮಾಣಪತ್ರವೂ ಸಿಗುತ್ತದೆ. ಸಾರ್ವಜನಿಕ ವಲಯದ ಉದ್ದಿಮೆಗಳೂ ಖಾಸಗಿ ಕಂಪನಿಗಳೂ ಹೀಗೆ ಸೇರಿಸಿಕೊಳ್ಳುತ್ತವೆ. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಷಿಪ್ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. ಖಾಯಂ ಕೆಲಸದ ಭರವಸೆ ಅದರಲ್ಲಿಲ್ಲ. ಆದರೆ ಅಲ್ಲಿ ದೊರೆಯುವ ಒಂದು ವರ್ಷದ ಅನುಭವ ನೀವು ನಿಜವಾಗಿ ಬದುಕಿದ ವರ್ಷವಾಗಿರುತ್ತದೆ.

ಯುವನಿಧಿಗೆ ಅರ್ಜಿ ಹಾಕಿದ್ದೀರೋ ಇಲ್ಲವೋ ಎಂದು ನೀವು ಬರೆದಿಲ್ಲ. ಹಾಕಿಲ್ಲ ಎಂದು ನನ್ನ ಊಹೆ, ಏಕೆಂದರೆ ಅದಕ್ಕೆ ‘ನಾನು ನಿರುದ್ಯೋಗಿ’ ಎಂದು ನೀವೇ ಘೋಷಿಸಿಕೊಳ್ಳಬೇಕು, ಮತ್ತು ಅದನ್ನು ಆಗಾಗ ಮತ್ತೆ ಹೇಳುತ್ತಲೂ ಇರಬೇಕು. ಪದವಿ ಪಡೆದು 180 ದಿನ ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಕೊಡುವ ಈ ಯೋಜನೆ, 2022-23ರಲ್ಲಿ ಮತ್ತು ಆನಂತರ ತೇರ್ಗಡೆಯಾದವರಿಗೆ ಇರುವಂಥದ್ದು. ಸೇವಾಸಿಂಧುವಿನಲ್ಲಿ ಅರ್ಜಿ ಸಲ್ಲಿಸಬಹುದು. ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ಪಡೆಯತೊಡಗಿದರೆ ಈ ಹಣ ನಿಲ್ಲುತ್ತದೆ. ಪಿಜಿಯ ಬಾಡಿಗೆಗೆ ಇದು ಸಾಲದು ಎಂಬುದು ನನಗೆ ಗೊತ್ತು, ಆದರೂ ಅವ್ವನ ಕೈ ನೋಡುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ಇಸಿಕೊಳ್ಳಲು ನಾಚಿಕೆಯಾಗುತ್ತದೆ ಎನ್ನುವುದಾದರೆ, ನಮ್ಮ ಕಾಲದಲ್ಲಿ ಉದ್ಯೋಗ ವಿನಿಮಯ ಕಚೇರಿಯ ಕಾರ್ಡನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಲು ಬಿಸಿಲಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದೆವು. ಆ ಸಾಲಿನಲ್ಲಿ ಸಹಪಾಠಿ ಕಂಡರೆ ಇಬ್ಬರೂ ಬೇರೆ ಕಡೆ ಮುಖ ತಿರುಗಿಸುತ್ತಿದ್ದೆವು. ಈಗ ನೆನೆದರೆ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ.

ಈಗ ಚೀಲದ ಲೆಕ್ಕಕ್ಕೆ ಬರೋಣ. ‘ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ’ ಎಂದು ಎದುರಿಗಿದ್ದವರು ಕೇಳಿದಾಗ ನಿಮ್ಮ ಮಾತು ಗಂಟಲಲ್ಲಿ ನಿಲ್ಲುವುದಕ್ಕೆ ಇಂಗ್ಲಿಷ್ ಒಂದೇ ಕಾರಣವೇ ಎಂದು ಸ್ವಲ್ಪ ಯೋಚಿಸಿ. ನೀವು ಬರೆಯದ, ನಿಮಗೆ ಬೇಡವಾದ ಲೈಬ್ರರಿ ಪ್ರಾಜೆಕ್ಟಿನ ಬಗ್ಗೆ ಕನ್ನಡದಲ್ಲಿ ಕೇಳಿದ್ದರೂ ನೀವು ತಡವರಿಸುತ್ತಿದ್ದಿರಿ ಎಂದು ನನಗನ್ನಿಸುತ್ತದೆ. ಅದೇ, ದಿನಕ್ಕೆ ಎಷ್ಟು ಚೀಲ, ಯಾವ ಅಂಗಡಿಯದು, ಚೀಲಕ್ಕೆ ಎಷ್ಟು ಕೂಲಿ, ಯಾರು ಕೊಟ್ಟರು, ಯಾರದು ಬಾಕಿ ಎಂಬ ಲೆಕ್ಕವನ್ನು ಹೇಗೆ ಜೋಡಿಸಿದಿರಿ, ಎಲ್ಲಿ ತಪ್ಪು ಬಂತು, ಅಪ್ಪ ಅದನ್ನು ಹೇಗೆ ಹಿಡಿದರು ಎಂದು ಕೇಳಿದರೆ, ಮುರುಕು ಇಂಗ್ಲಿಷಿನಲ್ಲಾದರೂ ನೀವು ಹತ್ತು ನಿಮಿಷ ಮಾತಾಡುವಿರಿ. ಸಂದರ್ಶಕರು ಆ ಲೈಬ್ರರಿ ಪ್ರಾಜೆಕ್ಟನ್ನು ಬೆಳಿಗ್ಗೆಯಿಂದ ನಾಲ್ಕು ಜನರ ಬಾಯಲ್ಲಿ ಕೇಳಿರುತ್ತಾರೆ. ಹಮಾಲರ ಕೂಲಿಯ ಲೆಕ್ಕವನ್ನು ಕೇಳಿರಲಿಕ್ಕಿಲ್ಲ. ಇಂದು ರಾತ್ರಿಯೇ ಅದನ್ನು ರೆಸ್ಯೂಮೆಗೆ ಸೇರಿಸಿ, ಗೆಳೆಯನದನ್ನು ತೆಗೆಯಿರಿ. ಪಿಜಿಯ ಕೋಣೆಯಲ್ಲಿ ಒಬ್ಬನನ್ನಾದರೂ ನಂಬಿ ನಿಜ ಹೇಳಿ, ಅವನ ಎದುರು ದಿನಾ ರಾತ್ರಿ ಆ ಪ್ರೋಗ್ರಾಂ ಬಗ್ಗೆ ಇಂಗ್ಲಿಷಿನಲ್ಲಿ ವಿವರಿಸಿ, ಅವನು ತಿದ್ದಲಿ. ಕೆಲಸಕ್ಕೆ ಹೋಗಿಬರುವ ಹುಡುಗರೆಲ್ಲ ನಿಮ್ಮ ಸುತ್ತಲೇ ಇದ್ದಾರೆ, ಅವರ ಕಂಪನಿಗಳಲ್ಲಿ ಜಾಗ ಖಾಲಿಯಾದಾಗ ಹೆಸರು ಸೂಚಿಸಬಲ್ಲವರೂ ಅವರೇ. ಆದರೆ ನಿಮಗೆ ಈಗಾಗಲೇ ಕೆಲಸವಿದೆ ಎಂದು ಅವರು ನಂಬಿಕೊಂಡಿದ್ದಾರಲ್ಲ!

ಉಳಿದದ್ದು ಮನೆಯ ಮಾತು, ಇದೇ ಕಷ್ಟದ್ದು. ‘ಕೆಲಸ ಹೆಂಗ ನಡದೈತಪ್ಪಾ’ ಎಂದು ಅವ್ವ ಕೇಳಿದಾಗಲೆಲ್ಲ ನೀವು ಉದ್ಯಾನದ ಯಾವುದೋ ಮರದ ಕೆಳಗೆ ನಿಂತು ಉತ್ತರ ಹೊಂದಿಸುತ್ತಿರುವುದು ನನಗೆ ಕಾಣುತ್ತಿದೆ. ಅದನ್ನು ಮೋಸ ಎಂದು ಕರೆಯಲು ಮನಸ್ಸು ಬರುವುದಿಲ್ಲ. ಅವರ ನಿದ್ದೆ ಕೆಡದಿರಲಿ ಎಂದು ಶುರು ಮಾಡಿದ್ದು. ಆದರೆ ಪಾಟಲಿ ಬ್ಯಾಂಕಿನ ತಕ್ಕಡಿಗೆ ಹೋದ ಮೇಲೆ ಅದಕ್ಕೆ ಬೇರೆ ಹೆಸರೇ ಬರುತ್ತದೆ. ಹಾಗಾಗುವ ಮೊದಲು ಊರಿಗೆ ಹೋಗಿ, ಫೋನಿನಲ್ಲಿ ಬೇಡ. ಅಪ್ಪ ಸಿಟ್ಟಾಗಬಹುದು, ಒಂದು ದಿನ ಮಾತು ಬಿಡಬಹುದು. ಅಷ್ಟಕ್ಕೆ ಸಿದ್ಧರಾಗಿ ಹೋಗಿ.

ರಾತ್ರಿ ರೈಲು ಹಿಡಿದು ಹೋಗುವಾಗ ಲ್ಯಾಪ್‌ಟಾಪನ್ನು ಪಿಜಿಯಲ್ಲಿ ಬಿಡಬೇಡಿ. ಹೇಳಬೇಕಾದ್ದನ್ನು ಹೇಳಿ ಮುಗಿಸಿದ ಮೇಲೆ ಅಪ್ಪನ ಮುಂದೆ ಆ ಪ್ರೋಗ್ರಾಂ ತೆರೆದಿಡಿ. ಈ ವಾರ ಎಷ್ಟು ಚೀಲ ಹೊತ್ತಿರಿ, ಯಾರು ಕೂಲಿ ಬಾಕಿ ಉಳಿಸಿಕೊಂಡಿದ್ದಾರೆ ಎಂದು ಕೇಳಿ, ಅವರು ಹೇಳಿದಂತೆ ತುಂಬುತ್ತಾ ಹೋಗಿ.