"ಮಳೆಗಾಲಕ್ಕೆ ಮೊದಲು ಮಣ್ಣಿನ ಅಣೆಕಟ್ಟಿನ ಹಾರ್ಟಿಂಗ್ (ನಡುವಿನ, ನೀರು ಸೋರದ ಜೇಡಿಮಣ್ಣಿನ ಭಾಗ) ಮುಗಿಸಬೇಕು, ಭಾರದ ರೋಲರ್ ತರಿಸಿ ದಪ್ಪ ಪದರ ಹಾಕಬಹುದಾ?" ಅಂತ ಕೇಳಿದ್ದೀರಿ.

ರೋಲರ್ ವಿಷಯ ಆಮೇಲೆ. ಕಟ್‌ಆಫ್ ಟ್ರೆಂಚಿನ (ಅಡಿಯಿಂದ ನೀರು ಜಿನುಗದಂತೆ ಹಾರ್ಟಿಂಗ್ ಕೆಳಗೆ ತೋಡಿ ಮಣ್ಣು ತುಂಬುವ ಕಂದಕ) ತಳದ ಬಂಡೆ ತೊಳೆದಿದ್ದೀರಾ?

ನಾನು ಹೊಸದಾಗಿ ಸೈಟ್ ಇಂಜಿನಿಯರ್ ಆಗಿದ್ದಾಗಲೂ ಇದೇ ಅವಸರ. ಸಣ್ಣ ಮಣ್ಣಿನ ಅಣೆಕಟ್ಟು. ಎಡದಂಡೆಯ ಬಂಡೆಯಲ್ಲಿ ಬೆರಳು ತೂರುವಷ್ಟು ಸೀಳುಗಳಿದ್ದವು, ಒಳಗೆಲ್ಲ ಸಡಿಲ ಮಣ್ಣು. ಅದನ್ನು ಕೆರೆದು, ಗಾಳಿ-ನೀರು ಹೊಡೆದು, ಸಿಮೆಂಟ್ ಗಾರೆ ತುಂಬಬೇಕಿತ್ತು. ಒಂದು ಕಡೆ ಬಂಡೆ ಮುಂದಕ್ಕೆ ಚಾಚಿಕೊಂಡಿತ್ತು. ಅದರಡಿ ಯಾವ ರೋಲರೂ ಹೋಗಲ್ಲ, ಕಾಂಕ್ರೀಟ್ ಹಾಕಿ ಇಳಿಜಾರು ಮಾಡಬೇಕು. ಕಂಪ್ರೆಸರ್ ಕೆಟ್ಟು ನಿಂತಿತ್ತು. "ಜೇಡಿಮಣ್ಣು ಬಿದ್ರೆ ತಾನೇ ಮುಚ್ಕೊಳ್ಳುತ್ತೆ ಬಿಡಿ ಸಾರ್" ಅಂದ ಗುತ್ತಿಗೆದಾರ. ನಾನು ಸಹಿ ಹಾಕಿದೆ.

ಡೆನ್ಸಿಟಿ ಟೆಸ್ಟ್ (ಮಣ್ಣು ಎಷ್ಟು ಗಟ್ಟಿಯಾಗಿ ಕೂತಿದೆ ಎಂಬ ಪರೀಕ್ಷೆ) ಎಲ್ಲಾ ಪಾಸ್! ಆಗದೆ ಏನು, ಸ್ಯಾಂಪಲ್ ತೆಗೆಯುತ್ತಿದ್ದುದು ಪದರದ ನಡುವೆ. ಬಂಡೆಯ ಅಂಚಿಗೆ ಯಾರೂ ಹೋಗಿರಲಿಲ್ಲ. ಮೊದಲ ಸಲ ನೀರು ನಿಂತಾಗ ಏರಿಯ ಹಿಂಬದಿ ಬುಡದಲ್ಲಿ ಒರತೆ ಕಾಣಿಸಿತು. ಬಾಟಲಿಯಲ್ಲಿ ಹಿಡಿದಿಟ್ಟರೆ ತಳದಲ್ಲಿ ಕೆಸರು. ತಿಳಿನೀರು ಜಿನುಗಿದರೆ ಅಳೆಯುತ್ತಾ ಕಾಯಬಹುದು, ಕೆಸರು ಬಂತೆಂದರೆ ಒಳಗಿನ ಮಣ್ಣೇ ಕೊಚ್ಚಿಹೋಗುತ್ತಿದೆ. ತೂಬು ತೆರೆದು ಕೆರೆ ಖಾಲಿ ಮಾಡಿದೆವು. ಆ ವರ್ಷ ಅಚ್ಚುಕಟ್ಟಿಗೆ ನೀರಿಲ್ಲ, ರೈತರ ಬೈಗುಳ ಇನ್ನೂ ಕಿವಿಯಲ್ಲಿದೆ. ಮೇಲಿಂದ ಕೊರೆದು ಗ್ರೌಟ್ ಮಾಡುವುದೂ, ಅಂದರೆ ಒತ್ತಡದಲ್ಲಿ ಸಿಮೆಂಟ್ ಹಾಲು ತುಂಬುವುದೂ, ಸುಲಭವಲ್ಲ. ಒತ್ತಡ ಜಾಸ್ತಿಯಾದರೆ ಹಾರ್ಟಿಂಗೇ ಸೀಳುತ್ತೆ.

"ಗ್ರೌಟ್ ಕರ್ಟನ್ ಇದೆಯಲ್ಲ" ಅಂತ ನೀವು ಬರೆದಿದ್ದೀರಿ, ಅಂದರೆ ಬಂಡೆಯಲ್ಲಿ ಸಾಲಾಗಿ ಕೊರೆದು ಗ್ರೌಟ್ ತುಂಬಿದ ತಡೆ. ಅಮೆರಿಕದ ಐಡಹೋದ ಟೀಟನ್ ಅಣೆಕಟ್ಟಿಗೂ ಇತ್ತು. 93 ಮೀಟರ್ ಎತ್ತರದ್ದು. 1976ರ ಜೂನ್ 5ರಂದು ಬೆಳಿಗ್ಗೆ ಕೆಸರುನೀರು ಕಂಡಿತು, ಮಧ್ಯಾಹ್ನ ಆಗುವಷ್ಟರಲ್ಲಿ ಒಡೆದೇ ಹೋಯಿತು. ಅದು ಮೊದಲ ಭರ್ತಿ. 11 ಜನ ಸತ್ತರು. ಬಲದಂಡೆಯ ಟ್ರೆಂಚಿನಲ್ಲಿ ನೀರಿಗೆ ಸುಲಭವಾಗಿ ಕೊಚ್ಚಿಹೋಗುವ ನುಣ್ಣನೆಯ ಮಣ್ಣು, ಪಕ್ಕದಲ್ಲೇ ಬಾಯಿಬಿಟ್ಟ ಸೀಳುಬಂಡೆ. ನಡುವೆ ಮಣ್ಣು ತಡೆಯುವ ಫಿಲ್ಟರ್ ಇರಲಿಲ್ಲ.

ಹಾಗಾಗಿ ಬಂಡೆಗೆ ತಾಗುವ ಮೊದಲ ಪದರಗಳು ತೆಳುವಾಗಿರಲಿ, ಮಣ್ಣು ಸ್ವಲ್ಪ ಹೆಚ್ಚೇ ತೇವ ಇರಲಿ, ಕೈ ರ‍್ಯಾಮರ್‌ನಿಂದ ಬಡಿಸಿ. ಮೇಲೆ ಬಂದ ಮೇಲೆ ಶೀಪ್‌ಫೂಟ್ (ಗೂಟದಂಥ ಉಬ್ಬುಗಳಿರುವ ರೋಲರ್) ಸಾಕು. ದಪ್ಪ ಪದರ ಬೇಡವೇ ಬೇಡ, ಮೇಲ್ಭಾಗ ಗಟ್ಟಿಯಾಗಿ ಅಡಿಭಾಗ ಸಡಿಲವೇ ಉಳಿಯುತ್ತೆ. ಹಾರ್ಟಿಂಗ್ ಹಿಂದಿನ ಮರಳಿನ ಫಿಲ್ಟರ್‌ನಲ್ಲಿ ಮಾತ್ರ ಜುಗ್ಗತನ ಮಾಡಬೇಡಿ. ಮೋಡ ಕಟ್ಟಿದರೆ ಮೇಲ್ಮೈಗೆ ಇಳಿಜಾರು ಕೊಟ್ಟು, ನಯವಾದ ರೋಲರ್ ಓಡಿಸಿ ಬಿಡಿ. ಮಳೆ ನಿಂತ ಮೇಲೆ ಆ ಕೆಸರು ಪದರ ತೆಗೆದು, ಕೆಳಗಿನದನ್ನು ಕೆದಕಿ, ಆಮೇಲೆ ಹೊಸ ಮಣ್ಣು. ಮುಗಿಯದಿದ್ದರೆ ಮುಂದಿನ ಬೇಸಿಗೆಗೆ ತಳ್ಳಿ, ಮೇಲಿನವರಿಗೆ ಲಿಖಿತದಲ್ಲೇ ಕೊಡಿ.