ಜಿಮ್ಮಿ ಪೇಜ್ ಅವರ ಹೆಸರು ದೊಡ್ಡದು, ಸರಿ. ಆದರೆ ಯಾವುದಕ್ಕೆ?

ನೀವು ಕೇಳಿದ್ದು ಇಷ್ಟು. ಬ್ರಿಟನ್ನಿನ ರಾಕ್ ಬ್ಯಾಂಡ್ ಲೆಡ್ ಝೆಪ್ಪೆಲಿನ್‌ನ ಗಿಟಾರಿಸ್ಟ್ ಜಿಮ್ಮಿ ಪೇಜ್ ಲೈವ್ ವಿಡಿಯೊಗಳಲ್ಲಿ ಅಷ್ಟೊಂದು ತಪ್ಪು ನುಡಿಸುತ್ತಾರೆ, ಮೇಲಿಂದ ಬೇರೆಯವರ ಹಾಡು ಎತ್ತಿಕೊಂಡರು ಅನ್ನೋ ಆರೋಪ ಬೇರೆ, ಹಾಗಿದ್ದೂ ಅವರನ್ನು ಜಗತ್ತಿನ ಮೊದಲ ಮೂರು ರಾಕ್ ಗಿಟಾರಿಸ್ಟ್‌ಗಳಲ್ಲಿ ಒಬ್ಬರು ಅನ್ನುವುದು ನ್ಯಾಯವಾ? ನನ್ನ ಪ್ರಕಾರ ಆ ಹೆಸರಿಗೆ ಅವರು ಯೋಗ್ಯರು. ಆರೋಪಗಳಲ್ಲಿ ಬಹುಪಾಲು ನಿಜ ಅನ್ನುವುದನ್ನೂ ಒಪ್ಪುತ್ತೇನೆ. ಎರಡನ್ನೂ ಬಿಡಿಸಿ ಹೇಳುತ್ತೇನೆ.

ಮೊದಲು ತಪ್ಪು ನುಡಿಸುವ ವಿಷಯ. ನೀವು ನೋಡಿದ್ದು 1985ರ ಲೈವ್ ಏಡ್ ಎಂಬ ಸಹಾಯಾರ್ಥ ಸಂಗೀತ ಕಾರ್ಯಕ್ರಮ ಇರಬೇಕು, ಇಲ್ಲವೇ 1977ರ ಅಮೆರಿಕ ಪ್ರವಾಸದ ತುಣುಕು. ಅವು ಕೆಟ್ಟದಾಗಿಯೇ ಇವೆ. ಲೈವ್ ಏಡ್ ದಿನ ಗಿಟಾರ್ ಶ್ರುತಿಯಲ್ಲೇ ಇರಲಿಲ್ಲ, ಸರಿಯಾದ ತಾಲೀಮೂ ಆಗಿರಲಿಲ್ಲ. ಆಮೇಲೆ ಅದರ ಡಿವಿಡಿ ಬಂದಾಗ ನಮ್ಮ ಭಾಗ ಹಾಕಬೇಡಿ ಎಂದು ಬ್ಯಾಂಡಿನವರೇ ಹೇಳಿದರು. 70ರ ದಶಕದ ಕೊನೆಯಲ್ಲಿ ಮಾದಕ ವಸ್ತುವಿನ ಚಟ ಬೆರಳುಗಳಲ್ಲೇ ಕೇಳಿಸುತ್ತದೆ. ಆದರೆ 1970ರ ಜನವರಿ 9ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದ್ದನ್ನು ಒಮ್ಮೆ ನೋಡಿ. ಅವತ್ತು ಅವರಿಗೆ 26 ತುಂಬಿದ ದಿನ. ಅದನ್ನು ನೋಡಿದವರು ಈ ಮನುಷ್ಯನಿಗೆ ಗಿಟಾರ್ ಬರಲ್ಲ ಅನ್ನುವುದಿಲ್ಲ.

ಇನ್ನೊಂದು ಮಾತು. ಬ್ಯಾಂಡ್ ಕಟ್ಟುವ ಮೊದಲು ಪೇಜ್ ಲಂಡನ್ನಿನ ಸ್ಟುಡಿಯೊಗಳಲ್ಲಿ ಕೂಲಿಗೆ ನುಡಿಸುವ ಸೆಷನ್ ಗಿಟಾರಿಸ್ಟ್ ಆಗಿದ್ದರು, ಒಂದೆರಡಲ್ಲ, ನೂರಾರು ರೆಕಾರ್ಡಿಂಗ್. ದಿ ಹೂ ಬ್ಯಾಂಡಿನ ಮೊದಲ ಹಿಟ್ ‘ಐ ಕಾಂಟ್ ಎಕ್ಸ್‌ಪ್ಲೇನ್’ನಲ್ಲಿ ರಿದಮ್ ಗಿಟಾರ್ ನುಡಿಸಿದವರಲ್ಲಿ ಅವರೂ ಒಬ್ಬರು. ಆ ಕೆಲಸದಲ್ಲಿ ತಪ್ಪಿದರೆ ನಾಳೆ ಕರೆ ಬರುವುದಿಲ್ಲ. ಅವರಿಗೆ ವರ್ಷಗಟ್ಟಲೆ ಕರೆ ಬರುತ್ತಲೇ ಇತ್ತು.

ಆದರೂ ವೇಗ, ಸ್ವಚ್ಛತೆ ಇವೇ ಅಳತೆಗೋಲಾದರೆ ಅವರಿಗಿಂತ ಮುಂದೆ ಇರುವವರು ಬೇಕಾದಷ್ಟು ಜನ ಇದ್ದಾರೆ. ಎಡ್ಡಿ ವ್ಯಾನ್ ಹೇಲನ್ ಆ ಲೆಕ್ಕದಲ್ಲಿ ತುಂಬಾ ದೂರ ಹೋದವರು. ಆದರೆ ತಮ್ಮ ಪ್ರಸಿದ್ಧ ಟ್ಯಾಪಿಂಗ್‌ನ (ಗಿಟಾರಿನ ಕತ್ತಿನ ಮೇಲೆ ತಂತಿಯನ್ನು ಬೆರಳಿನಿಂದ ತಟ್ಟಿ ನುಡಿಸುವುದು) ಹೊಳಹು ಸಿಕ್ಕಿದ್ದು ಪೇಜ್ ವೇದಿಕೆಯ ಮೇಲೆ ‘ಹಾರ್ಟ್‌ಬ್ರೇಕರ್’ ಸೋಲೊ ನುಡಿಸುವುದನ್ನು ನೋಡಿ ಎಂದು ಅವರೇ ಹೇಳಿದ್ದಾರೆ.

ನನಗೆ ಪೇಜ್ ದೊಡ್ಡವರಾಗಿ ಕಾಣುವುದು ಅವರ ಕಿವಿಯಿಂದ. ಝೆಪ್ಪೆಲಿನ್‌ನ ಎಲ್ಲ ಸ್ಟುಡಿಯೊ ಆಲ್ಬಮ್‌ಗಳ ಪ್ರೊಡ್ಯೂಸರ್, ಅಂದರೆ ಸದ್ದು ಹೇಗಿರಬೇಕು ಎಂದು ತೀರ್ಮಾನಿಸುವವರು, ಅವರೇ. ಮೊದಲ ಆಲ್ಬಮ್ 1968ರಲ್ಲಿ ಒಟ್ಟು 36 ಗಂಟೆಯ ಸ್ಟುಡಿಯೊ ಸಮಯದಲ್ಲಿ ಮುಗಿಯಿತು, ದುಡ್ಡು ಅವರ ಕೈಯಿಂದಲೇ ಹೋಯಿತು. ಆಗ ಡ್ರಮ್ಸ್‌ಗೆ ಮೈಕ್ ಹತ್ತಿರ ಇಟ್ಟು ರೆಕಾರ್ಡ್ ಮಾಡುವುದು ರೂಢಿ. ಪೇಜ್ ಮೈಕನ್ನು ದೂರ ತೆಗೆದುಕೊಂಡು ಹೋದರು, ಕೋಣೆಯ ಗಾಳಿಯೂ ಹಾಡಿನೊಳಗೆ ಬರಲಿ ಎಂದು. ನಾಲ್ಕನೇ ಆಲ್ಬಮ್‌ನ ‘ವೆನ್ ದ ಲೆವಿ ಬ್ರೇಕ್ಸ್’ ಕೇಳಿ. ಹೆಡ್ಲಿ ಗ್ರೇಂಜ್ ಅನ್ನೋ ಹಳೆಯ ದೊಡ್ಡ ಮನೆಯ ಹಜಾರದಲ್ಲಿ ಜಾನ್ ಬಾನ್‌ಹ್ಯಾಮ್ ಡ್ರಮ್ಸ್ ಮುಂದೆ ಕೂತರು. ಮೆಟ್ಟಿಲ ಮೇಲಿಂದ ಎರಡೇ ಎರಡು ಮೈಕ್ ಇಳಿಬಿಟ್ಟರು. ಎಂಜಿನಿಯರ್ ಆಂಡಿ ಜಾನ್ಸ್ ಅವರ ಪಾಲು ಅದರಲ್ಲಿ ದೊಡ್ಡದು, ಅದನ್ನು ಮರೆಯಬಾರದು. ಇವತ್ತಿಗೂ ಹಿಪ್ ಹಾಪ್ ಮಾಡುವವರು ಆ ಡ್ರಮ್ಸ್ ಸದ್ದನ್ನು ಎತ್ತಿ ಬಳಸುತ್ತಾರೆ.

ಗಿಟಾರಿನ ಮಾತಿಗೇ ಬಂದರೆ ನನಗೆ ‘ಕಾಶ್ಮೀರ್’ ಸಾಕು. 1975ರ ಹಾಡು. ಹೆಸರು ನಮ್ಮದಾದರೂ ಅದರ ಸಾಹಿತ್ಯ ಹುಟ್ಟಿದ್ದು ಮೊರಾಕೊದ ಮರುಭೂಮಿ ರಸ್ತೆಯಲ್ಲಿ. ನಾನು ಗಿಟಾರ್ ಕಲಿಯಲು ಶುರು ಮಾಡಿದ ಎರಡನೇ ವರ್ಷ ಇದರ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ನುಡಿಸಲು ವಾರಗಟ್ಟಲೆ ಕೂತಿದ್ದೆ. ಸ್ವರಗಳೆಲ್ಲ ಸರಿ ಇದ್ದವು, ಆದರೂ ಸದ್ದು ತೆಳ್ಳಗೆ ಬರುತ್ತಿತ್ತು. ಕೊನೆಗೆ ಸ್ನೇಹಿತನ ಅಣ್ಣ ಗಿಟಾರ್ ತೆಗೆದುಕೊಂಡು ಮೂರು ತಂತಿಗಳ ಶ್ರುತಿಯನ್ನು ಎರಡೆರಡು ಮನೆಯಷ್ಟು (ಫ್ರೆಟ್) ಇಳಿಸಿ ವಾಪಸ್ ಕೊಟ್ಟ: ಡಿ, ಎ, ಡಿ, ಜಿ, ಎ, ಡಿ. ಖಾಲಿ ತಂತಿ ಮೀಟಿದರೆ ಸಾಕು, ತಂಬೂರಿಯ ಹಾಗೆ ಕೆಳಗೆ ಒಂದು ಶ್ರುತಿ ನಿಂತುಬಿಡುತ್ತದೆ, ಅದರ ಮೇಲೆ ರಿಫ್ ಮೇಲೇರುತ್ತಾ ಹೋಗುತ್ತದೆ. ಆ ಸಂಜೆ ಮೊದಲ ಸಲ ಅದು ಹಾಡಿನ ಹಾಗೆ ಕೇಳಿಸಿತು. ತಾಳವನ್ನೂ ಗಮನಿಸಿ. ಗಿಟಾರ್ ಮೂರರ ಎಣಿಕೆಯಲ್ಲಿ ಸುತ್ತುತ್ತದೆ, ಡ್ರಮ್ಸ್ ನಾಲ್ಕರಲ್ಲಿ ನಡೆಯುತ್ತದೆ, ಎರಡೂ ಒಟ್ಟಿಗೆ ಸೇರುವುದು ಹನ್ನೆರಡನೇ ಏಟು ಮುಗಿದ ಮೇಲೆ. ಕೈಯಲ್ಲಿ ತಾಳ ಹಾಕಿಕೊಂಡು ಕೇಳಿ, ನಮ್ಮ ಕಿವಿಗೆ ಇದು ಬೇಗ ಹಿಡಿಯುತ್ತದೆ. ಇದರಲ್ಲಿ ವೇಗ ಎಲ್ಲಿದೆ? ಕಷ್ಟದ ಬೆರಳುಗಾರಿಕೆ ಎಲ್ಲಿದೆ? ಆರು ತಿಂಗಳು ಕಲಿತವರೂ ಈ ರಿಫ್ ನುಡಿಸಬಹುದು. ಅದನ್ನು ಯೋಚಿಸಿದವರು ಅವರು ಒಬ್ಬರೇ ಅಲ್ವಾ.

(ಅಂದ ಹಾಗೆ, 1972ರಲ್ಲಿ ಪೇಜ್ ಮತ್ತು ಗಾಯಕ ರಾಬರ್ಟ್ ಪ್ಲಾಂಟ್ ಬಾಂಬೆಗೆ ಬಂದು ಇಲ್ಲಿನ ವಾದ್ಯಗಾರರ ಜೊತೆ ತಮ್ಮ ಎರಡು ಹಾಡುಗಳನ್ನು ರೆಕಾರ್ಡ್ ಮಾಡಿದ್ದರು. ಅದು ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ. ಹುಡುಕಿ ಕೇಳಿ.)

‘ಸ್ಟೇರ್‌ವೇ ಟು ಹೆವನ್’ ಬಗ್ಗೆ ಜಾಸ್ತಿ ಹೇಳಲ್ಲ. ಎಂಟು ನಿಮಿಷದ ಹಾಡಿನಲ್ಲಿ ನಾಲ್ಕು ನಿಮಿಷ ಡ್ರಮ್ಸೇ ಇಲ್ಲ. ಸೋಲೊ ಬರುವುದು ಹೆಚ್ಚುಕಮ್ಮಿ ಆರನೇ ನಿಮಿಷಕ್ಕೆ. ಅಷ್ಟು ಹೊತ್ತು ಕಾಯಿಸುವ ಧೈರ್ಯ ಇತ್ತು ಅವರಿಗೆ.

ಈಗ ಕಳ್ಳತನದ ಮಾತು. ಇಲ್ಲಿ ಪೇಜ್ ಅಭಿಮಾನಿಗಳು ಸುಮ್ನೆ ಜಾರಿಕೊಳ್ಳುತ್ತಾರೆ, ರಾಕ್‌ನ ಮೂಲವಾದ ಬ್ಲೂಸ್ ಸಂಗೀತದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು ಅಂತ. ನನಗೆ ಆ ಮಾತು ಹಿಡಿಸುವುದಿಲ್ಲ. ‘ಸ್ಟೇರ್‌ವೇ’ ಕೇಸಿನಲ್ಲಿ ಅವರು ಗೆದ್ದರು, 2016ರಲ್ಲಿ ಜ್ಯೂರಿ, 2020ರಲ್ಲಿ ಮೇಲ್ಮನವಿ ಕೋರ್ಟ್ ಎರಡೂ ಅವರ ಪರ, ನನಗೂ ಅದು ಸರಿ ಅನಿಸಿತು. ಉಳಿದವು ಹಾಗಲ್ಲ. ‘ಹೋಲ್ ಲೊಟ್ಟಾ ಲವ್’ನ ರಿಫ್ ಪೇಜ್ ಅವರದೇ, ಆದರೆ ಸಾಹಿತ್ಯದ ಸಾಲುಗಳು ಅಮೆರಿಕದ ಬ್ಲೂಸ್ ಗೀತೆಕಾರ ವಿಲ್ಲಿ ಡಿಕ್ಸನ್ ಅವರಿಂದ ಬಂದವು. ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋದ ಮೇಲೆ ರಾಜಿ ಆಯಿತು, ಹೆಸರು ಬಂತು. ‘ಡೇಝ್ಡ್ ಅಂಡ್ ಕನ್‌ಫ್ಯೂಸ್ಡ್’ ಅನ್ನು ಜೇಕ್ ಹೋಮ್ಸ್ ಎಂಬ ಗಾಯಕ 1967ರಲ್ಲೇ ಬರೆದು ಹಾಡಿದ್ದರು. ಪೇಜ್ ಆಗ ಇದ್ದ ಯಾರ್ಡ್‌ಬರ್ಡ್ಸ್ ಬ್ಯಾಂಡಿನ ಕಾರ್ಯಕ್ರಮದಲ್ಲೇ ಬ್ಯಾಂಡಿಗಿಂತ ಮೊದಲು ವೇದಿಕೆ ಏರಿ ಹಾಡಿದವರು ಹೋಮ್ಸ್. 1969ರಲ್ಲಿ ಹೊರಬಂದ ಝೆಪ್ಪೆಲಿನ್‌ನ ಮೊದಲ ಆಲ್ಬಮ್‌ನಲ್ಲಿ ಮಾತ್ರ ಹೆಸರು ಪೇಜ್ ಅವರದೊಂದೇ. ಹೋಮ್ಸ್ ಹೆಸರು ಸೇರಲು 40 ವರ್ಷ ದಾಟಿತು, ಅದೂ ‘ಪ್ರೇರಣೆ’ ಅನ್ನುವ ಲೆಕ್ಕದಲ್ಲಿ.

ಇವೆಲ್ಲಕ್ಕಿಂತ ನನಗೆ ನೋವಾಗುವುದು ಅದೇ ಆಲ್ಬಮ್‌ನ ಚಿಕ್ಕ ತುಣುಕು, ‘ಬ್ಲ್ಯಾಕ್ ಮೌಂಟನ್ ಸೈಡ್’. ಎರಡು ನಿಮಿಷದ ಗಿಟಾರ್, ಜೊತೆಗೆ ವಿರಾಮ್ ಜಸಾನಿ ಅವರ ತಬಲಾ. ತುಂಬಾ ಚೆನ್ನಾಗಿದೆ, ನಾನು ಎಷ್ಟೋ ಸಲ ನುಡಿಸಿದ್ದೇನೆ. ಆದರೆ ಸ್ಕಾಟ್ಲೆಂಡಿನ ಬರ್ಟ್ ಜಾನ್ಷ್ ಒಂದು ಹಳೆಯ ಜನಪದ ಗೀತೆಗೆ ಗಿಟಾರ್ ಕೂಡಿಸಿ 1966ರಲ್ಲಿ ರೆಕಾರ್ಡ್ ಮಾಡಿದ್ದರು, ಇದು ಹೆಚ್ಚುಕಡಿಮೆ ಅದೇ. ಜಾನ್ಷ್ ಶ್ರೀಮಂತರಾಗಿರಲಿಲ್ಲ, ಕೋರ್ಟಿಗೂ ಹೋಗಲಿಲ್ಲ, 2011ರಲ್ಲಿ ತೀರಿಕೊಂಡರು. ಅವರು ತನಗೆ ಎಷ್ಟು ಇಷ್ಟ ಎಂದು ಪೇಜ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅಷ್ಟು ಇಷ್ಟ ಇದ್ದರೆ ಆಲ್ಬಮ್ ಕವರ್ ಮೇಲೆ ಒಂದು ಹೆಸರು ಬರೆಯಲು ಎಷ್ಟು ಜಾಗ ಬೇಕಿತ್ತು? ಕೇಳುವವರು ಯಾರೂ ಇಲ್ಲದಾಗಲೂ ಕೊಡಬೇಕಾದ ಹೆಸರು ಅದು. ‘ಕಾಶ್ಮೀರ್’ ಎಷ್ಟೇ ದೊಡ್ಡದಾದರೂ ಈ ಬಾಕಿ ಅದರಿಂದ ತೀರುವುದಿಲ್ಲ.

ರೋಲಿಂಗ್ ಸ್ಟೋನ್ ಪತ್ರಿಕೆ 2015ರ ಪಟ್ಟಿಯಲ್ಲಿ ಅವರನ್ನು ಮೂರನೆಯವರಾಗಿ ಇಟ್ಟಿತು, ಗಿಟಾರಿಸ್ಟ್‌ಗಳಾದ ಜಿಮಿ ಹೆಂಡ್ರಿಕ್ಸ್ ಮತ್ತು ಎರಿಕ್ ಕ್ಲಾಪ್ಟನ್ ನಂತರ. ಮೂರೋ ಹತ್ತೋ, ನನಗೆ ಅದು ಮುಖ್ಯ ಅಲ್ಲ. ಇವತ್ತು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಮೊದಲು ಜಾನ್ಷ್ ಅವರ ‘ಬ್ಲ್ಯಾಕ್‌ವಾಟರ್‌ಸೈಡ್’ ಕೇಳಿ. ಆಮೇಲೆ ಪೇಜ್ ಅವರ ‘ಬ್ಲ್ಯಾಕ್ ಮೌಂಟನ್ ಸೈಡ್’. ಅದು ಮುಗಿದ ಕೂಡಲೇ ‘ಕಾಶ್ಮೀರ್’ ಹಾಕಿ, ಮಧ್ಯೆ ಏನೂ ಬೇಡ. ಎರಡೂ ಒಬ್ಬರೇ ಮನುಷ್ಯ.