ಆಪ್ತಸಲಹೆ ಪ್ರಕರಣ: ‘ಹಾಕ್ಲಾ?’ ಅಂತ ಕೇಳಬೇಡಿ, ಬಡಿಸಿ

(ಗುರುತು ಸಿಗದಂತೆ ವಿವರ ಬದಲಿಸಿದೆ.)

ಮದ್ದೂರು ಕಡೆಯ ಹುಡುಗಿ, ವಯಸ್ಸು 16. ಮೈಸೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಏಳು ತಿಂಗಳಲ್ಲಿ ತೂಕ 54 ಕೆಜಿಯಿಂದ 39ಕ್ಕೆ ಇಳಿದಿತ್ತು, ಮುಟ್ಟು ನಿಂತು ನಾಲ್ಕು ತಿಂಗಳಾಗಿತ್ತು. ಮನೆಯವರು ಮೊದಲು ಮುಟ್ಟಿನ ಮಾತ್ರೆ ಕೊಡಿಸಿದರು, ಆಮೇಲೆ ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಕೊನೆಗೆ ದೃಷ್ಟಿ ತೆಗೆಸಿದರು. ಊಟದ ವಿಚಾರ ಯಾರೂ ಕೇಳಿರಲಿಲ್ಲ. ಕೇಳಿದಾಗ ತಾಯಿ ಅಂದರು: “ಮುದ್ದೆ ನುಂಗೋ ಹುಡ್ಗಿ, ಈಗ ಕಡ್ಲೆಕಾಳಿನಷ್ಟು ಚಿವುಟಿ ಅಗೀತಾಳೆ. ಅರ್ಧ ಗಂಟೆ ಆದ್ರೂ ತಟ್ಟೆ ಹಂಗೇ ಇರ್ತದೆ.”

ಇದು ಅನೊರೆಕ್ಸಿಯಾ, ದಪ್ಪಗಾಗುವ ಭಯದಲ್ಲಿ ಊಟ ಬಿಡಿಸುವ ಮನಸ್ಸಿನ ಕಾಯಿಲೆ. ಹಟವಲ್ಲ, ಸೊಕ್ಕಲ್ಲ, ಕಾಯಿಲೆ.

ಮಾತುಕತೆಗೆ ಮುಂಚೆ ನಾಡಿ ನೋಡಬೇಕು. ಮಲಗಿದ್ದಾಗ ನಿಮಿಷಕ್ಕೆ 46, ಎದ್ದು ನಿಂತಾಗ 84 ಇತ್ತು. ಈ ವಯಸ್ಸಿನವರಿಗೆ ಹಗಲಲ್ಲೇ 50ಕ್ಕಿಂತ ಕಡಿಮೆ ಇದ್ದರೆ ಆಸ್ಪತ್ರೆಗೆ ಸೇರಿಸಬೇಕು. ಇಲ್ಲಿ ಮನೆಯವರು ಮಾಡುವ ತಪ್ಪು ಒಂದಿದೆ: ಹೆದರಿ ಗ್ಲೂಕೋಸ್ ನೀರು, ಹಣ್ಣಿನ ರಸ ಅಂತ ಒಮ್ಮೆಗೇ ತುಂಬಿಸುತ್ತಾರೆ. ತಿಂಗಳುಗಟ್ಟಲೆ ಹಸಿದ ಮೈಗೆ ಸಕ್ಕರೆ ಹೀಗೆ ಬಿದ್ದರೆ ಇನ್ಸುಲಿನ್ ಏರಿ, ರಕ್ತದಲ್ಲಿರುವ ಫಾಸ್ಫೇಟ್ ಲವಣ ಜೀವಕೋಶಗಳೊಳಗೆ ಸರಿದುಬಿಡುತ್ತದೆ; ಹೃದಯ ಕೈಕೊಡಬಹುದು. ಅದಕ್ಕೇ ಮೊದಲು ಥಯಾಮಿನ್ (ಬಿ1 ವಿಟಮಿನ್), ಇಸಿಜಿ, ದಿನಾ ಪೊಟ್ಯಾಷಿಯಂ, ಫಾಸ್ಫೇಟ್, ಮೆಗ್ನೀಷಿಯಂ ಪರೀಕ್ಷೆ, ಊಟ ಹಂತಹಂತವಾಗಿ. ಹನ್ನೆರಡು ದಿನಕ್ಕೆ ಮನೆಗೆ ಬಂದಳು.

ಮನೆಯಲ್ಲಿ ಔಷಧಿ ಅಂದರೆ ಊಟವೇ, ಕೊಡುವವರು ತಾಯಿ. ದಿನಕ್ಕೆ ಮೂರು ಊಟ, ನಡುವೆ ಮೂರು ಸಲ ಬಾಳೆಹಣ್ಣು, ಕಡಲೆಕಾಯಿ ಉಂಡೆ, ಹಾಲು. ಮೂರು ಗಂಟೆಗಿಂತ ಹೆಚ್ಚು ಬಿಡುವು ಬೇಡ. ಬಸ್ಸಾರಿಗೆ ಎರಡು ಚಮಚ ತುಪ್ಪ. ತಿಳಿ ಮಜ್ಜಿಗೆ ನಿಲ್ಲಿಸಿ ಮೊಸರು, ಯಾಕೆಂದರೆ ಮಜ್ಜಿಗೆಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದಳು. “ಇನ್ನೊಂಚೂರು ಹಾಕ್ಲಾ?” ಅಂತ ಕೇಳಿದರೆ ಉತ್ತರ ಹೇಳುವುದು ಕಾಯಿಲೆ. ಕೇಳದೆ ಬಡಿಸಿ, “ಇದು ನಿನ್ ಊಟ ಕಂದ, ನಾನಿಲ್ಲೇ ಕೂತಿರ್ತೀನಿ” ಅನ್ನಿ ಎಂದೆವು. ಊಟವಾದ ಮೇಲೂ ಒಂದು ಗಂಟೆ ಜೊತೆಗಿರಬೇಕು, ಬಚ್ಚಲಿಗೆ ಒಬ್ಬಳೇ ಹೋಗುವಂತಿಲ್ಲ. ಮೊದಲ ವಾರಗಳಲ್ಲಿ ಹೊಟ್ಟೆ ಉಬ್ಬರ ನಿಜವಾಗಿಯೂ ಇರುತ್ತದೆ, ಜಠರ ನಿಧಾನವಾಗಿರುತ್ತದೆ; ನಾಟಕ ಅನ್ನಬಾರದು. ವಾರಕ್ಕೊಮ್ಮೆ ಮಾತ್ರ ತೂಕ, ಮೂತ್ರ ಮಾಡಿ ಬಂದ ಮೇಲೆ. ಅರ್ಧ ಕೆಜಿ ಏರಿದರೆ ಒಳ್ಳೆಯದು.

ಮೂರನೇ ತಿಂಗಳು ಎಡವಿದ್ದು ಅಜ್ಜಿಯ ಪ್ರೀತಿಯಲ್ಲಿ. “ಮೈಕೈ ತುಂಬ್ಕೊಂಡು ಲಕ್ಷಣವಾಗಿದ್ದೀಯ” ಅಂದರು. ಎರಡು ದಿನ ತಟ್ಟೆ ಮುಟ್ಟಲಿಲ್ಲ. ಹೊಗಳಿಕೆಯೂ ಮೈಯ ಮೇಲೆ ಬೇಡ ಎಂದು ಮನೆಮಂದಿಗೆಲ್ಲ ತಿಳಿಸಬೇಕಾಯಿತು.

ಹಳ್ಳಿಯಿಂದ ವಾರವಾರ ಬರಲು ಬಸ್ಸು, ಕೂಲಿ ಎರಡೂ ಅಡ್ಡ. ಹದಿನೈದು ದಿನಕ್ಕೊಮ್ಮೆ ಭೇಟಿ, ನಡುವೆ ಫೋನು ಅಂತ ಹೊಂದಿಸಿದೆವು. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲುರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ತಂದೆಗೆ ಪರೀಕ್ಷೆಯ ಚಿಂತೆ. ಈ ಕಾಯಿಲೆಯಲ್ಲಿ ಸುಮಾರು ಅರ್ಧದಷ್ಟು ಜನ ಪೂರ್ತಿ ಗುಣವಾಗುತ್ತಾರೆ, ಐವರಲ್ಲಿ ಒಬ್ಬರಿಗೆ ಬಹುಕಾಲ ಉಳಿಯುತ್ತದೆ. ಬೇಗ ಹಿಡಿದಷ್ಟೂ ಫಲ ಹೆಚ್ಚು ಎಂದು ಮುಚ್ಚಿಡದೆ ಹೇಳಿದೆವು. ಒಂದು ವರ್ಷ ಓದು ಬಿಡಿಸಲು ಒಪ್ಪಿದರು.

ಒಂಬತ್ತನೇ ತಿಂಗಳಲ್ಲಿ ಮುಟ್ಟು ಮರಳಿತು, ತೂಕ 52. ಈಗ ಹಾಸ್ಟೆಲ್ ಬಿಟ್ಟು ರೈಲಿನಲ್ಲಿ ಓಡಾಡುತ್ತಾಳೆ, ಮಧ್ಯಾಹ್ನದ ಬುತ್ತಿ ಅಕ್ಕನಿಗೆ ವಿಡಿಯೊ ಕಾಲ್ ಮಾಡಿಕೊಂಡು ತಿನ್ನುತ್ತಾಳೆ. ಕರಿದದ್ದರ ಭಯ ಹೋಗಿಲ್ಲ. ರೈಲಿನಲ್ಲಿ ಮದ್ದೂರು ವಡೆ ಬಂದರೆ ಕಿಟಕಿ ಕಡೆ ತಿರುಗುತ್ತಾಳಂತೆ. ಮುಂದಿನ ತಿಂಗಳ ಪಟ್ಟಿಯಲ್ಲಿ ಅದನ್ನೇ ಬರೆದಿದ್ದಾಳೆ: ಅಪ್ಪನ ಜೊತೆ, ಅರ್ಧ ವಡೆ.